ಓಟಿಪಿ ಕೇಳಿ ಫೋನ್ ಮಾಡುವವರಿಗೆ ಒಂದು ಬಹಿರಂಗ ಪತ್ರ

ಉಲ್ಲಾಳ, ಬೆಂಗಳೂರು

ನಮ್ಮ ಓಟಿಪಿ ಕೇಳಿ ಫೋನ್ ಮಾಡುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಊರೂ ಗೊತ್ತಿಲ್ಲ. ನಿಮಗೆ ಮಾತ್ರ ನಮ್ಮ ಹೆಸರು, ಊರು, ಎಷ್ಟೋ ಸಲ ನಮ್ಮ ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೂಡ ಗೊತ್ತಿರುತ್ತದೆ. ಒಂದು ದಿನ ಬೆಸ್ಕಾಂ ಅಂತೀರಿ, ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆ ಕರೆಂಟು ಕಟ್ ಆಗುತ್ತದೆ ಅಂತೀರಿ. ಇನ್ನೊಂದು ದಿನ ಬ್ಯಾಂಕಿನವರು, ಕೆವೈಸಿ ಅವಧಿ ಮುಗಿದಿದೆ ಅಂತೀರಿ. ಮತ್ತೊಂದು ದಿನ ಕೊರಿಯರ್‌ನವರು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಆರು ಅಂಕಿಗಳ ಹತ್ತಿರ. ಈ ಪತ್ರ ಆ ಆರು ಅಂಕಿಗಳ ಬಗ್ಗೆ.

ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಕಡೆಯ ಸಣ್ಣ ವರ್ಕ್‌ಶಾಪ್‌ಗಳಿಗೆ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಇತ್ತೀಚೆಗೆ ಅದರ ಜೊತೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿದೆ: ಅಲ್ಲಿಯ ಮಾಲೀಕರಿಗೂ ಉಲ್ಲಾಳದ ನಮ್ಮ ಬೀದಿಯವರಿಗೂ ಮೊಬೈಲಿನಲ್ಲಿ ಆಥೆಂಟಿಕೇಟರ್ ಆ್ಯಪ್ ಹಾಕಿಕೊಡುವುದು. ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಮ್ಮೆ ಆರು ಅಂಕಿ ಕೇಳುತ್ತದಲ್ಲ, ಆ ಅಂಕಿ ಎಸ್‌ಎಂಎಸ್‌ನಲ್ಲಿ ಬರುವ ಬದಲು ಫೋನಿನಲ್ಲೇ ತಯಾರಾಗುವ ಆ್ಯಪ್ ಅದು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನಿಮಗೆ ಪೂರ್ತಿಯಾಗಿ ಹೇಳುತ್ತೇನೆ. ಬೀಗದ ಒಳಗನ್ನು ಬಿಚ್ಚಿ, ಯಾರಿಂದ ಬೀಗ ಹಾಕಿಕೊಳ್ಳುತ್ತಿದ್ದೇವೋ ಅವರಿಗೇ ತೋರಿಸುವುದು ಸರಿಯೇ ಅಂತ ನನ್ನ ತಮ್ಮ ಕೇಳಿದ. ಸರಿಯೇ. ಪ್ಯಾರಿಸ್‌ನಲ್ಲಿ ಪಾಠ ಹೇಳುತ್ತಿದ್ದ ಆಗುಸ್ತ್ ಕೆರ್ಕ್‌ಹಾಫ್ಸ್ ಎಂಬ ಡಚ್ ಭಾಷಾಶಾಸ್ತ್ರಜ್ಞ 1883ರಲ್ಲೇ ಸೈನ್ಯದ ಗುಪ್ತಲಿಪಿಗಳ ಬಗ್ಗೆ ಬರೆಯುತ್ತ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಗುಪ್ತಲಿಪಿಯ ಏರ್ಪಾಡು ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಕೀಲಿಯೊಂದು ನಮ್ಮ ಹತ್ತಿರ ಉಳಿದರೆ ಸಾಕು ಎನ್ನುವುದು ಅವನ ವಾದ. ಇವತ್ತು ಲೋಕ ನಂಬಿರುವ ಒಳ್ಳೆಯ ಬೀಗಗಳೆಲ್ಲ ಹಾಗೇ ಇವೆ. ಈ ಆ್ಯಪಿನ ಲೆಕ್ಕಾಚಾರವೂ ಗುಟ್ಟಲ್ಲ. ಆರ್‌ಎಫ್‌ಸಿ 4226 ಎಂಬ ದಾಖಲೆಯಲ್ಲಿ 2005ರಲ್ಲಿ, ಆರ್‌ಎಫ್‌ಸಿ 6238 ಎಂಬುದರಲ್ಲಿ 2011ರಲ್ಲಿ ಅದನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿದ್ದಾರೆ. ನೀವೂ ಓದಬಹುದು.

ಆ್ಯಪ್ ಹಾಕಿಕೊಳ್ಳುವಾಗ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದರೊಳಗಿರುವುದು ಒಂದು ಸಾಲು ಬರಹ: ಖಾತೆ ಯಾರದು, ಯಾವ ಕಂಪನಿಯದು, ಜೊತೆಗೆ ಒಂದು ಗುಟ್ಟಿನ ಕೀಲಿ. ಈ ಕೀಲಿಯಲ್ಲಿ ಬರುವುದು ಇಂಗ್ಲಿಷಿನ 26 ಅಕ್ಷರ ಮತ್ತು 2ರಿಂದ 7ರವರೆಗಿನ ಅಂಕಿಗಳು ಮಾತ್ರ. ಸೊನ್ನೆಯೂ ಒಂದೂ ಅದರಲ್ಲಿಲ್ಲ. ಅವು ಓ, ಐ ಅಕ್ಷರಗಳ ಹಾಗೆ ಕಾಣುತ್ತವೆ. ಕ್ಯಾಮೆರಾ ಕೆಟ್ಟು ಕೈಯಲ್ಲೇ ಟೈಪ್ ಮಾಡುವವರು ಎಡವಬಾರದಲ್ಲ. ಕೀಲಿ 16 ಅಕ್ಷರದ್ದಾದರೆ ಅದು ಏನೇನು ಆಗಿರಬಹುದು ಎಂಬ ಲೆಕ್ಕ, 1ರ ಮುಂದೆ 24 ಸೊನ್ನೆ ಬರೆದರೆ ಬರುವ ಸಂಖ್ಯೆಯನ್ನೂ ಮೀರುತ್ತದೆ. ಸ್ಕ್ಯಾನ್ ಮಾಡಿದ ಕ್ಷಣದಲ್ಲಿ ಆ ಕೀಲಿಯ ಒಂದು ಪ್ರತಿ ಫೋನಿಗೆ ಬರುತ್ತದೆ, ಇನ್ನೊಂದು ಕಂಪನಿಯ ಸರ್ವರ್‌ನಲ್ಲಿ ಉಳಿಯುತ್ತದೆ. ಆಮೇಲೆ ಅಂಕಿ ತಯಾರಿಸಲು ಕೀಲಿ ಮತ್ತೆ ದಾರಿಗೆ ಇಳಿಯಬೇಕಾಗಿಲ್ಲ.

ಇನ್ನು ಬೇಕಾಗಿರುವುದು ಹೊತ್ತು. ಎರಡೂ ಕಡೆ 1970ರ ಜನವರಿ 1ರಿಂದ, ನಮ್ಮ ಗಡಿಯಾರದ ಪ್ರಕಾರ ಅವತ್ತಿನ ಬೆಳಗಿನ ಐದೂವರೆಯಿಂದ, ಎಷ್ಟು ಮೂವತ್ತು ಸೆಕೆಂಡುಗಳು ಕಳೆದಿವೆ ಅಂತ ಎಣಿಸುತ್ತಾರೆ. 2026ರ ಜನವರಿ 1ರ ಬೆಳಗಿನ ಐದೂವರೆಗೆ ಆ ಎಣಿಕೆ 5,89,07,520 ಆಗಿತ್ತು. ಈ ಎಣಿಕೆಯನ್ನೂ ಕೀಲಿಯನ್ನೂ ಸೇರಿಸಿ ಒಂದು ಗಣಿತಕ್ಕೆ ಹಾಕಿದರೆ 20 ಬೈಟ್‌ಗಳ ಒಂದು ಸರಣಿ ಬರುತ್ತದೆ. ಆ ಸರಣಿಯ ಕೊನೆಯ ತುಣುಕು, ಎಲ್ಲಿಂದ ನಾಲ್ಕು ಬೈಟ್ ಎತ್ತಿಕೊಳ್ಳಬೇಕು ಅಂತ ಹೇಳುತ್ತದೆ. ಎತ್ತಿಕೊಂಡು, ಹತ್ತು ಲಕ್ಷದಿಂದ ಭಾಗಿಸಿ, ಉಳಿದ ಶೇಷವನ್ನು ಆ್ಯಪ್ ತೋರಿಸುತ್ತದೆ. ಆರು ಅಂಕಿ ಅಂದರೆ ಅದೇ. 2005ರ ದಾಖಲೆಯಲ್ಲಿ ಪರೀಕ್ಷೆಗೆಂದು ಒಂದು ಮಾದರಿ ಕೀಲಿಯನ್ನೂ ಕೊಟ್ಟಿದ್ದಾರೆ. ಎಣಿಕೆ ಸೊನ್ನೆಯಾದರೆ 755224, ಒಂದಾದರೆ 287082. ಶೇಷ ನೋಡಿ ಕೀಲಿಯನ್ನು ಹಿಂದಕ್ಕೆ ಲೆಕ್ಕ ಹಾಕಿ ಹಿಡಿಯಲು ಆಗುವುದಿಲ್ಲ. ಊಹಿಸಿ ಹಾಕೋಣವೆಂದರೆ ಹತ್ತು ಲಕ್ಷದಲ್ಲಿ ಒಂದು ಸರಿ, ನಾಲ್ಕಾರು ಸಲ ತಪ್ಪಿದರೆ ಖಾತೆ ಲಾಕ್, ಅಷ್ಟರಲ್ಲಿ ಅಂಕಿಯೇ ಬದಲಾಗಿರುತ್ತದೆ.

ಇದನ್ನು ನಮ್ಮ ಬೀದಿಯಲ್ಲಿ ಹೇಳುವಾಗ ನಾನು ಪಂಚಾಂಗದ ಮಾತು ಎತ್ತುತ್ತೇನೆ. ಒಂದೇ ಪಂಚಾಂಗ ಉಲ್ಲಾಳದಲ್ಲೊಂದು, ಉಡುಪಿಯಲ್ಲೊಂದು ಇದ್ದರೆ, ಇವತ್ತು ಯಾವ ತಿಥಿ ಅಂತ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳಬೇಕಾಗಿಲ್ಲ. ಇಬ್ಬರೂ ತಮ್ಮ ತಮ್ಮ ಪುಟ ತೆರೆದರೆ ಉತ್ತರ ಒಂದೇ. ಆ್ಯಪ್ ಮತ್ತು ಸರ್ವರ್ ಹಾಗೇ. ಆದರೆ ಈ ಪಂಚಾಂಗ ಅಚ್ಚಾಗಿರುವುದು ಎರಡೇ ಪ್ರತಿ. ಹಾಗಾಗಿ ಸಿಗ್ನಲ್ ಬೇಡ, ಇಂಟರ್ನೆಟ್ ಬೇಡ, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿದರೂ ಅಂಕಿ ಬರುತ್ತಲೇ ಇರುತ್ತದೆ.

ಎಸ್‌ಎಂಎಸ್ ಓಟಿಪಿಯ ಕತೆ ಬೇರೆ. ಅದು ಎಲ್ಲಿಂದಲೋ ಹೊರಟು ಸಿಮ್‌ಗೆ ಬಂದು ಸೇರಬೇಕು, ಅಂದರೆ ಅದಕ್ಕೊಂದು ದಾರಿ ಇದೆ, ದಾರಿ ಇದ್ದಲ್ಲಿ ನೀವೂ ಇದ್ದೀರಿ. 2017ರಲ್ಲಿ ಜರ್ಮನಿಯಲ್ಲಿ ಟೆಲಿಫೋನ್ ಕಂಪನಿಗಳು ಒಂದಕ್ಕೊಂದು ಮಾತಾಡುವ ಹಳೆಯ ವ್ಯವಸ್ಥೆಯೊಳಗೇ ನುಸುಳಿ ಬ್ಯಾಂಕ್ ಸಂದೇಶಗಳನ್ನು ತಿರುಗಿಸಿಕೊಂಡರು. 2019ರಲ್ಲಿ ಟ್ವಿಟರ್ ಕಟ್ಟಿದ ಜ್ಯಾಕ್ ಡಾರ್ಸಿಯ ಖಾತೆಯನ್ನೇ, ಅವರ ಫೋನ್ ನಂಬರನ್ನು ಕೈವಶ ಮಾಡಿಕೊಂಡು ಹಿಡಿದರು. ನಮ್ಮಲ್ಲೂ ಸಿಮ್ ಬದಲಿಸುವ ಮೋಸ ಎಷ್ಟು ಬೆಳೆಯಿತೆಂದರೆ, ಸಿಮ್ ಬದಲಿಸಿದ ಏಳು ದಿನ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಜುಲೈ 1ರಿಂದ ನಿಯಮ ತಂದಿತು. ಫೋನಿನಲ್ಲಿ ಸ್ಟಾರ್, ನಂಬರ್, ಹ್ಯಾಶ್ ಒತ್ತಿಸಿ ನಮ್ಮ ಕರೆಗಳನ್ನೆಲ್ಲ ನಿಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದಿರಿ. ಆ ಸೌಲಭ್ಯವನ್ನೇ ಅದೇ ವರ್ಷ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಹೇಳಬೇಕಾಯಿತು.

ಆದರೂ ನಿಮ್ಮಲ್ಲಿ ಹೆಚ್ಚಿನವರಿಗೆ ಅಷ್ಟೆಲ್ಲ ಕಷ್ಟ ಬೇಕಾಗಿಲ್ಲ. ನೀವು ಕೇಳುತ್ತೀರಿ, ನಾವು ಹೇಳುತ್ತೇವೆ. ಯಾಕೆ ಹೇಳುತ್ತೇವೆ? ಇದನ್ನು ಕೇಳಿಕೊಳ್ಳದೆ ಎಲ್ಲರೂ ನಮಗೇ ಬೈಯುತ್ತಾರೆ, ದುರಾಸೆ ಅಂತಾರೆ, ದಡ್ಡತನ ಅಂತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಈ ಊರಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ನಾವು ಒಳ್ಳೆಯವರಿಗೆ ಓಟಿಪಿ ಹೇಳುತ್ತಲೇ ಇರುತ್ತೇವೆ. ಉಲ್ಲಾಳ ಮುಖ್ಯರಸ್ತೆಯಲ್ಲಿ ನಿಂತು ಆ್ಯಪಿನಲ್ಲಿ ಆಟೊ ಕರೆದರೆ, ಹತ್ತಿದ ಕೂಡಲೇ ಡ್ರೈವರ್ ಹಿಂದಕ್ಕೆ ತಿರುಗಿ "ಓಟಿಪಿ ಹೇಳಿ ಮೇಡಂ" ಅಂತಾರೆ. ಹೇಳದೆ ಗಾಡಿ ಮುಂದೆ ಹೋಗುವುದಿಲ್ಲ. ಗ್ಯಾಸ್ ಸಿಲಿಂಡರ್ ಇಳಿಸುವವರು ಬಾಗಿಲಲ್ಲೇ ಕೋಡ್ ಕೇಳುತ್ತಾರೆ. ಪಾರ್ಸೆಲ್ ತಂದ ಹುಡುಗ ಗೇಟಿನಿಂದಲೇ ಕೂಗುತ್ತಾನೆ, ನಾವು ಮೂರನೇ ಮಹಡಿಯ ಬಾಲ್ಕನಿಯಿಂದ ಬೀದಿಗೆಲ್ಲ ಕೇಳುವಂತೆ ಅಂಕಿಗಳನ್ನು ಕೂಗಿ ಹೇಳುತ್ತೇವೆ. ಅವೆಲ್ಲ ಹೇಳಲೇಬೇಕಾದ ನಂಬರುಗಳು. ಎದುರಿಗಿರುವವರು ಕೇಳಿದರೆ ನಂಬರ್ ಹೇಳುವುದು ನಮಗೆ ಮರ್ಯಾದೆಯ ಮಾತಾಗಿಬಿಟ್ಟಿದೆ. ಅದೇ ಫೋನಿಗೆ, ಅದೇ ಥರದ ಎಸ್‌ಎಂಎಸ್‌ನಲ್ಲಿ, ಹೇಳಬಾರದ ನಂಬರೂ ಬರುತ್ತದೆ. ಯಾರಿಗೂ ಹೇಳಬೇಡಿ ಅಂತ ಅದರ ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನೀವು ನಿಂತಿರುವುದು ಈ ಎರಡು ನಂಬರುಗಳ ನಡುವಿನ ಸಂದಿಯಲ್ಲಿ. ನಮ್ಮ ಒಳ್ಳೆಯ ಅಭ್ಯಾಸವನ್ನೇ ನೀವು ಬಳಸಿಕೊಳ್ಳುತ್ತೀರಿ.

ನಾನು ಕೆಲಸ ಮಾಡುವ ಕಡೆಯೂ ಇದೇ ಅಭ್ಯಾಸ ಬೇರುಬಿಟ್ಟಿತ್ತು. ಇ-ವೇ ಬಿಲ್, ಇ-ಇನ್‌ವಾಯ್ಸ್ ತಾಣಗಳಿಗೆ ಲಾಗಿನ್ ಆಗಲು ಪಾಸ್‌ವರ್ಡ್ ಜೊತೆ ಎರಡನೇ ಗುರುತು ಎಲ್ಲರಿಗೂ ಕಡ್ಡಾಯವಾಗಿದ್ದು 2025ರಲ್ಲಿ: ಜನವರಿ 1ರಿಂದ ವರ್ಷಕ್ಕೆ 20 ಕೋಟಿ ಮೀರಿದ ವಹಿವಾಟಿನವರಿಗೆ, ಫೆಬ್ರವರಿ 1ರಿಂದ 5 ಕೋಟಿ ಮೀರಿದವರಿಗೆ, ಏಪ್ರಿಲ್ 1ರಿಂದ ಉಳಿದವರಿಗೆಲ್ಲ. ನಮ್ಮ ಲೇತು, ಮಿಲ್ಲಿಂಗ್ ಶಾಪುಗಳೆಲ್ಲ ಈ ಮೂರನೆಯ ಗುಂಪು. ಐವತ್ತು ಸಾವಿರ ದಾಟಿದ ಸರಕಿಗೆ ಇ-ವೇ ಬಿಲ್ ಇಲ್ಲದೆ ಗಾಡಿ ಹೊರಡುವ ಹಾಗಿಲ್ಲ. ಓಟಿಪಿ ಬರುವುದು ಮಾಲೀಕರ ಮೊಬೈಲಿಗೆ, ಮಾಲೀಕರು ಪೀಣ್ಯದಲ್ಲಿ ಪೇಮೆಂಟ್ ಕೇಳಲು ಹೋಗಿರುತ್ತಾರೆ, ಇಲ್ಲಿ ಟಾಟಾ ಏಸ್ ಲೋಡಾಗಿ ನಿಂತಿರುತ್ತದೆ. ಆಫೀಸಿನ ಹುಡುಗ ಫೋನ್ ಹಚ್ಚುತ್ತಾನೆ.

"ಅಣ್ಣಾ, ಓಟಿಪಿ ಬಂತಾ? ಹೇಳಿ."

"ತಾಳೋ, ಗಾಡಿ ಓಡಿಸ್ತಾ ಇದೀನಿ. ಹ್ಞಾ, ಬರ್ಕೊ..."

ದಿನಕ್ಕೆ ಇಷ್ಟು ಸಲ, ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ, ಒಂದು ಮಧ್ಯಾಹ್ನ ಇನ್ನೊಂದು ದನಿ "ಸರ್, ಜಿಎಸ್‌ಟಿ ಆಫೀಸಿಂದ, ಓಟಿಪಿ ಹೇಳಿ" ಅಂದರೆ ಆ ಮನುಷ್ಯ ಏನು ಮಾಡುತ್ತಾನೆ? ಬಾಯಿಗೆ ರೂಢಿಯಾಗಿದೆ, ಹೇಳುತ್ತಾನೆ.

ಹಾಗಾಗಿ ಒಂದು ವರ್ಕ್‌ಶಾಪಿನಲ್ಲಿ ಆ್ಯಪ್ ಹಾಕಿಸಲು ಕೂತೆವು. ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಅಂತ ಅದರ ಹೆಸರು. ಪೋರ್ಟಲಿನಿಂದಲೇ ಇಳಿಸಿಕೊಳ್ಳಬೇಕು, ಅಂಕಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ನೆಟ್‌ವರ್ಕ್ ಬೇಡ. ಮಾಲೀಕರಿಗೆ ಅರವತ್ತು ದಾಟಿದೆ. ಮೂವತ್ತು ವರ್ಷ ಲೇತಿನ ಮುಂದೆ ನಿಂತ ಕೈ. ಹೆಬ್ಬೆರಳಿನ ಗೆರೆ ಸವೆದು ಫೋನಿನ ಫಿಂಗರ್‌ಪ್ರಿಂಟ್ ಅವರನ್ನು ಗುರುತೇ ಹಿಡಿಯುವುದಿಲ್ಲ, ಪ್ಯಾಟರ್ನ್ ಎಳೆದೇ ತೆಗೆಯಬೇಕು. ಅದು ಮುಗಿಯಿತು. ಆಮೇಲೆ ಅದೇ ಫೋನಿಗೆ ಬೇರೆ ಆಥೆಂಟಿಕೇಟರ್ ಹಾಕಿ ಅವರ ಜಿಮೇಲ್ ಸೇರಿಸಿದೆವು. ಕ್ಯೂಆರ್ ಸ್ಕ್ಯಾನ್ ಆಯಿತು, ಆರು ಅಂಕಿ ಬಂತು, ಪಕ್ಕದಲ್ಲಿ ಸಣ್ಣ ಚಕ್ರ ಕರಗುತ್ತ ಹೋಯಿತು. ಅಂಕಿ ಹಾಕಿದರೆ ತಪ್ಪು ಅಂತು. ಚಕ್ರ ಮತ್ತೆ ತುಂಬಿತು, ಹೊಸ ಅಂಕಿ, ಮತ್ತೆ ತಪ್ಪು. ಫೋನಿನ ಮೂಲೆ ನೋಡಿದೆ, ಗೋಡೆ ಗಡಿಯಾರ ನೋಡಿದೆ. ಫೋನು ಐದು ನಿಮಿಷ ಮುಂದಿತ್ತು.

"ನಾನೇ ಇಟ್ಕೊಂಡಿರೋದು ಮೇಡಂ, ಎಲ್ಲಿಗೂ ಲೇಟ್ ಆಗ್ಬಾರ್ದು ಅಂತ."

ಐದು ನಿಮಿಷವೆಂದರೆ ಹತ್ತು ಎಣಿಕೆ. ಸರ್ವರ್ ಸಾಮಾನ್ಯವಾಗಿ ಹಿಂದೆ ಮುಂದೆ ಒಂದು ಎಣಿಕೆ ಸಹಿಸಿಕೊಳ್ಳುತ್ತದೆ, ಹತ್ತನ್ನಲ್ಲ. ದಿನಾಂಕ ಸಮಯದ ಸೆಟ್ಟಿಂಗನ್ನು ಆಟೊಮ್ಯಾಟಿಕ್‌ಗೆ ಹಾಕಿದ ಕೂಡಲೇ ಅಂಕಿ ಸರಿಹೋಯಿತು. ಲೇಟಾಗಬಾರದೆಂಬ ಅವರ ಆಸೆಗೆ ಕೈಗಡಿಯಾರ ಮುಂದಿಟ್ಟುಕೊಳ್ಳಿ ಅಂದೆ. ಹುಡುಗನಿಗೆ ಪೋರ್ಟಲಿನಲ್ಲಿ ಸಬ್-ಯೂಸರ್ ಲಾಗಿನ್ ಮಾಡಿ ಅವನದೇ ನಂಬರಿಗೆ ಅವನ ಗುರುತು ಕೊಟ್ಟೆವು. ಆ ವರ್ಕ್‌ಶಾಪಿನಲ್ಲಿ ಈಗ ಯಾರೂ ಯಾರಿಗೂ ಫೋನಿನಲ್ಲಿ ಲಾಗಿನ್ ಓಟಿಪಿ ಹೇಳುವುದಿಲ್ಲ.

ಈ ಆ್ಯಪಿನ ನಿಜವಾದ ಬಲ ನನಗೆ ಕಾಣುವುದು ಇಲ್ಲೇ, ಗಣಿತಕ್ಕಿಂತ ಹೆಚ್ಚಾಗಿ. ಎಸ್‌ಎಂಎಸ್‌ನಲ್ಲಿ ಬರುವ ನಂಬರುಗಳಲ್ಲಿ ಹೇಳುವಂಥದ್ದೂ ಉಂಟು, ಹೇಳಬಾರದ್ದೂ ಉಂಟು. ಬಿಡಿಸಿ ನೋಡುವ ಭಾರ ಪ್ರತಿ ಸಲವೂ ನಮ್ಮ ಮೇಲೆ. ಆ್ಯಪಿನ ಅಂಕಿಯನ್ನು ಕೇಳುವ ಮನುಷ್ಯ ಈ ಲೋಕದಲ್ಲಿ ಯಾರೂ ಇಲ್ಲ. ಆಟೊದವರಿಗೆ ಬೇಡ, ಗ್ಯಾಸಿನವರಿಗೆ ಬೇಡ, ಬ್ಯಾಂಕಿನವರಿಗೆ ಬೇಡ. ಅದು ಫೋನಿನಿಂದ ಪರದೆಗೆ, ನಮ್ಮ ಬೆರಳಿನ ಮೂಲಕ ಮಾತ್ರ ಹೋಗಬೇಕಾದದ್ದು. ಯಾರಾದರೂ ಕೇಳಿದರೆ, ಕೇಳಿದ್ದರಿಂದಲೇ ಗೊತ್ತಾಯಿತು, ಅದು ನೀವು. ಎಂಬತ್ತು ವರ್ಷದವರಿಗೂ ಇಷ್ಟು ಹೇಳಿಕೊಟ್ಟರೆ ಸಾಕು.

ನಮ್ಮ ಬೀದಿಯ ಟೀಚರ್ ಆಂಟಿಗೆ ಇದನ್ನು ಮೊದಲೇ ಹೇಳಿಕೊಡುವವರು ಇರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನವೆಂಬರ್ ತಿಂಗಳು ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡುವ ತಿಂಗಳು ಅಂತ ನಿಮಗೆ ಗೊತ್ತಿತ್ತು. ಫೋನಿನಲ್ಲಿ ಬಂದ ದನಿ ಚೆನ್ನಾಗಿ ಕನ್ನಡ ಮಾತಾಡಿತಂತೆ, "ಅಮ್ಮಾ, ಈ ವಯಸ್ಸಲ್ಲಿ ಯಾಕೆ ಬ್ಯಾಂಕಿಗೆ ಓಡಾಡ್ತೀರಿ, ಇಲ್ಲಿಂದಲೇ ಮಾಡಿಕೊಡ್ತೀನಿ" ಅಂದಿತಂತೆ. ಯಾವ ವರ್ಷ ಕೆಲಸಕ್ಕೆ ಸೇರಿದ್ದು, ಯಾವ ವರ್ಷ ನಿವೃತ್ತಿ, ಎಲ್ಲ ಸರಿಯಾಗಿ ಹೇಳಿತಂತೆ. ಮೊಮ್ಮಗಳ ಓದಿಗೆಂದು ಗ್ರಾಚ್ಯುಟಿಯಲ್ಲಿ ತೆಗೆದಿಟ್ಟಿದ್ದ ಹಣ ಹೋಯಿತು. ಹಣ ಹೋದದ್ದಕ್ಕಿಂತ ನನಗೆ ಕೋಪ ತರಿಸಿದ್ದು ಆಮೇಲಿನದು: ಆಂಟಿ ಯಾರಿಗೂ ಹೇಳಲಿಲ್ಲ. ಮಗನಿಗೆ ಗೊತ್ತಾಗಿದ್ದು ವಾರದ ಮೇಲೆ. "ಲೆಕ್ಕ ಕಲಿಸಿದೋಳು ನಾನು, ಹೆಂಗೆ ಹೇಳ್ಲಿ ಅವನಿಗೆ" ಅಂದರು ನನ್ನ ಹತ್ತಿರ. ಮೋಸ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ, ಹಣ ಇನ್ನೂ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುವಾಗಲೇ ತಡೆಹಿಡಿಯಲು ಅವಕಾಶವಿರುತ್ತದೆ. ಆ ಹೊತ್ತನ್ನು ನಾಚಿಕೆ ತಿಂದುಹಾಕಿತು. ಆ ನಾಚಿಕೆಯೂ ನಿಮ್ಮ ಲೆಕ್ಕದಲ್ಲಿ ಸೇರಿರುತ್ತದೆ ಎನ್ನುವುದನ್ನು ನಾನು ಕ್ಷಮಿಸಲಾರೆ.

ಬೆರಳಚ್ಚು ಇದ್ದರೆ ಸಾಕಲ್ಲ, ಅಂಕಿ ಯಾಕೆ ಅಂತ ಕೇಳುವವರೂ ಇದ್ದಾರೆ. ನಮ್ಮ ಉಲ್ಲಾಳ, ಮಲ್ಲತ್ತಹಳ್ಳಿ, ವಿಶ್ವೇಶ್ವರಯ್ಯ ಬಡಾವಣೆ ಎಲ್ಲ ಸೈಟು ಕೊಂಡು, ರಿಜಿಸ್ಟರ್ ಮಾಡಿಸಿ, ಮನೆ ಕಟ್ಟಿಕೊಂಡವರ ಜಾಗ. ಕ್ರಯಪತ್ರದಲ್ಲಿ ಹೆಬ್ಬೆಟ್ಟು ಒತ್ತದ ಮನೆಯವರಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆದದ್ದು ನಿಮಗೆ ನೆನಪಿರಬೇಕು. ಆಸ್ತಿ ನೋಂದಣಿಯ ಕಾವೇರಿ ತಾಣದಲ್ಲಿದ್ದ ಪತ್ರಗಳಿಂದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ತೆಗೆದು, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬಳಸಿ ಜನರ ಖಾತೆಗಳಿಂದ ಹಣ ಎಳೆದಿದ್ದರು. ಖಾತೆದಾರರಿಗೆ ಓಟಿಪಿಯೇ ಬರಲಿಲ್ಲ. ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚುವ ವ್ಯವಸ್ಥೆ ಮಾಡಿದರು, ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಜನರಿಗೆ ಹೇಳಿದರು. ಆ್ಯಪಿನ ಕೀಲಿ ಸೋರಿತೆಂದು ಸಂಶಯ ಬಂದರೆ ಸೆಟ್ಟಿಂಗ್ಸ್‌ಗೆ ಹೋಗಿ ಹಳೆಯದನ್ನು ಅಳಿಸಿ ಹೊಸ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಹೆಬ್ಬೆರಳನ್ನು ಬದಲಿಸಲು ಆಗುವುದಿಲ್ಲ.

ಬೀಗ ಪೂರ್ತಿ ಬಿಚ್ಚಿ ತೋರಿಸುತ್ತೇನೆ ಅಂದಿದ್ದೆನಲ್ಲ, ಅದರಲ್ಲಿ ಬಿರುಕು ಇರುವ ಜಾಗವನ್ನೂ ಹೇಳುತ್ತೇನೆ. ನಿಮಗೆ ಗೊತ್ತೇ ಇದೆ, ಗೊತ್ತಿರಬೇಕಾದವರು ನಮ್ಮವರು. ನೀವು ಬ್ಯಾಂಕಿನದೋ ಗೂಗಲ್‌ನದೋ ಥರವೇ ಕಾಣುವ ನಕಲಿ ಪುಟ ಮಾಡಿ ಲಿಂಕ್ ಕಳಿಸುತ್ತೀರಿ. ನಾವು ಅದರಲ್ಲಿ ಪಾಸ್‌ವರ್ಡ್ ಹಾಕುತ್ತೇವೆ, ಆ್ಯಪಿನ ಅಂಕಿಯನ್ನೂ ಹಾಕುತ್ತೇವೆ, ನಿಮ್ಮ ಯಂತ್ರ ಆ ಮೂವತ್ತು ಸೆಕೆಂಡಿನೊಳಗೆ ಅದನ್ನು ಅಸಲಿ ಪುಟಕ್ಕೆ ದಾಟಿಸಿ ಒಳಗೆ ಹೋಗುತ್ತದೆ. ಇದನ್ನು ಆ್ಯಪ್ ತಡೆಯುವುದಿಲ್ಲ. ಅದಕ್ಕೆ ಪಾಸ್‌ವರ್ಡಿನ ಬದಲಿಗೆ ಬಳಸುವ ಪಾಸ್‌ಕೀ ಬೇಕು. ಅದು ಪುಟದ ವಿಳಾಸವನ್ನೇ ನೋಡಿ, ನಕಲಿ ವಿಳಾಸಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಸಾಧ್ಯವಿರುವ ಕಡೆ ನಾವು ಅದಕ್ಕೂ ಹೋಗುತ್ತಿದ್ದೇವೆ. ನಕಲಿ ಆ್ಯಪಿನ ಅಪಾಯವೂ ಉಂಟು. ಕೇಂದ್ರ ಸರ್ಕಾರದ ನೌಕರರ ಇಮೇಲಿಗೆ ಸರ್ಕಾರದ್ದೇ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಕೊಟ್ಟ ಆಥೆಂಟಿಕೇಟರ್‌ನ ಹೆಸರು ಕವಚ್. 2022ರಲ್ಲಿ ಅದೇ ಹೆಸರಿನ ಕಳ್ಳ ಇನ್‌ಸ್ಟಾಲರ್‌ಗಳನ್ನು ಹಂಚಿ ನೌಕರರ ಕಂಪ್ಯೂಟರ್‌ಗಳಿಗೆ ನುಗ್ಗಲು ನೋಡಿದ್ದರು. ಕೇಳದೇ ಬಂದ ಲಿಂಕನ್ನು ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ ಅಂತ ಪ್ರತಿ ಮನೆಯಲ್ಲೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಹಾಗಿದ್ದೂ ಎರಡನೇ ಗುರುತು ಎಷ್ಟು ದೂರ ಬರುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಇದೆ. ಗೂಗಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಾಸ್‌ವರ್ಡ್ ಜೊತೆಗೆ ಬರೀ ಎಸ್‌ಎಂಎಸ್ ಕೋಡ್ ಇದ್ದರೂ ಯಂತ್ರಗಳು ತಾವೇ ನಡೆಸುವ ದಾಳಿಗಳು ನೂರಕ್ಕೆ ನೂರು, ಒಟ್ಟಾಗಿ ಬಲೆ ಬೀಸುವ ಮೋಸ ನೂರಕ್ಕೆ 96, ಒಬ್ಬರನ್ನೇ ಗುರಿಯಿಟ್ಟು ಮಾಡುವ ದಾಳಿ ನೂರಕ್ಕೆ 76 ತಪ್ಪಿದವು. ಅಂದರೆ ಎಸ್‌ಎಂಎಸ್ ಕೂಡ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ನಮ್ಮ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಗುರುತನ್ನು ಕಡ್ಡಾಯ ಮಾಡಿದ್ದು 2009ರ ಆಗಸ್ಟ್‌ನಲ್ಲೇ. ಆಗ ಬಹಳ ದೇಶಗಳಲ್ಲಿ ಹಾಗೊಂದು ನಿಯಮವೇ ಇರಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತುವುದು ಈಗ ಆಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅದೇ ರಿಸರ್ವ್ ಬ್ಯಾಂಕ್ ಹೊರಡಿಸಿದ, 2026ರ ಏಪ್ರಿಲ್ 1 ಗಡುವಾಗಿರುವ ನಿರ್ದೇಶನಗಳು ಎಸ್‌ಎಂಎಸ್ ಬಿಟ್ಟು ಬೇರೆ ದಾರಿಗಳಿಗೂ ಬಾಗಿಲು ತೆರೆದಿವೆ. ಷೇರು ವಹಿವಾಟಿನ ಲಾಗಿನ್‌ಗೆ 2022ರ ಸೆಪ್ಟೆಂಬರ್ 30ರೊಳಗೆ ಎರಡನೇ ಗುರುತು ಕಡ್ಡಾಯವಾದಾಗ, ನಮ್ಮ ಊರಿನದೇ ಝೆರೋಧಾದಂಥ ಕಂಪನಿಯ ಗ್ರಾಹಕರು ಆ್ಯಪಿನ ಅಂಕಿ ಹಾಕಿ ಒಳಗೆ ಹೋಗುವುದನ್ನು ಕಲಿತರು. ಷೇರು ಇಟ್ಟವರಿಗೆ ಸಿಕ್ಕಿದ್ದು ಪಿಂಚಣಿ ಖಾತೆ ಇಟ್ಟವರಿಗೂ ಸಿಗಬೇಕು. ಈ ಪತ್ರ ಬ್ಯಾಂಕುಗಳಲ್ಲಿ ಕೆಲಸ ಮಾಡುವ ಯಾರ ಕಣ್ಣಿಗಾದರೂ ಬಿದ್ದರೆ, ದಯವಿಟ್ಟು ಈ ಆಯ್ಕೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಕೊಡಿ. "ಯಾರಿಗೂ ಹೇಳಬೇಡಿ" ಎಂಬ ಸಾಲನ್ನೂ ಕನ್ನಡದಲ್ಲೇ, ಅಂಕಿಗಿಂತ ಮೊದಲು ಹಾಕಿ.

ಕೊನೆಯದಾಗಿ ನಿಮ್ಮಲ್ಲೇ ಕೆಲವರಿಗೆ ಹೇಳಬೇಕಾದದ್ದು ಒಂದಿದೆ. ಫೋನ್ ಮಾಡುವವರೆಲ್ಲ ಇಷ್ಟಪಟ್ಟು ಮಾಡುತ್ತಿಲ್ಲ ಅಂತ ಈಗ ನಮಗೂ ಗೊತ್ತು. ಡೇಟಾ ಎಂಟ್ರಿ ಕೆಲಸ, ಕೈತುಂಬ ಸಂಬಳ ಅಂತ ನಂಬಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿಯೊಳಗೆ ಕೂರಿಸಿ ಊರಿನವರಿಗೇ ಮೋಸ ಮಾಡಿಸುತ್ತಾರೆ. ಕಾಂಬೋಡಿಯಾದಿಂದ ಸುಮಾರು 250 ಭಾರತೀಯರನ್ನು ಬಿಡಿಸಿ ಕರೆತಂದಿದ್ದಾಗಿ 2024ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ಹೇಳಿತು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್-ಥಾಯ್ಲೆಂಡ್ ಗಡಿಯ ಮ್ಯಾವಡ್ಡಿ ಕಡೆಯಿಂದ 549 ಜನ ವಾಯುಪಡೆಯ ವಿಮಾನಗಳಲ್ಲಿ ಮನೆಗೆ ಬಂದರು. ಆಂಟಿಗೆ ಒಳ್ಳೆಯ ಕನ್ನಡದಲ್ಲಿ "ಅಮ್ಮಾ" ಅಂದ ಹುಡುಗ ಅಂಥವನೇ ಆಗಿದ್ದನೋ ಅಲ್ಲವೋ ನಾನು ಹೇಳಲಾರೆ. ಆಗಿದ್ದರೆ, ಮುಂದಿನ ಸಲ ಫೋನ್ ನಿನ್ನ ಕೈಯಲ್ಲಿದ್ದಾಗ ಮೊದಲು ನಿನ್ನ ಮನೆಗೆ ಮಾಡಪ್ಪ. ಅಲ್ಲಿಯ ಭಾರತೀಯ ದೂತಾವಾಸಕ್ಕೆ ತಿಳಿಸುವಂತೆ ಮನೆಯವರಿಗೆ ಹೇಳು, ನೀನಿರುವ ಜಾಗದ ಗುರುತು ಕಳಿಸು. ಮನೆಯವರಿಗೆ ಅದನ್ನು ಎಲ್ಲಿ ಕೊಡಬೇಕೆಂದು ತಿಳಿಯದಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಲಿ. 2001ರಲ್ಲೇ ಸೈಬರ್ ಅಪರಾಧಕ್ಕೆಂದು ಪ್ರತ್ಯೇಕ ಠಾಣೆ ತೆರೆದ ಊರು ಇದು.

ಉಳಿದವರಿಗೆ ಹೇಳುವುದು ಇಷ್ಟೇ. ನಮ್ಮ ಬೀದಿಯಲ್ಲಿ ಇಮೇಲ್‌ಗಳಿಗೆ ಮೊದಲು ಆ್ಯಪ್ ಹಾಕಿಸುತ್ತಿದ್ದೇವೆ. ಬೇರೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಇಮೇಲ್ ಮೂಲಕವೇ ಹೋಗುವುದು. ವಾಟ್ಸ್ಆ್ಯಪ್‌ಗೆ ಎರಡನೇ ಪಿನ್ ಇಡಿಸುತ್ತಿದ್ದೇವೆ. ಹಣ ಹೋದ ಮನೆಯವರನ್ನು ನಾವು ಬೈಯುವುದಿಲ್ಲ, ಕೂಡಲೇ ಬಂದು ಹೇಳಿ ಅಂತ ಎಲ್ಲರಿಗೂ ಹೇಳಿದ್ದೇವೆ.

ಇಂತಿ,
ಉಲ್ಲಾಳದ ಒಬ್ಬ ಲೆಕ್ಕ ಬರೆಯುವವಳು

ಈ ಪತ್ರ ಓದುತ್ತಿರುವ ನೆರೆಹೊರೆಯವರಿಗೆ: ಭಾನುವಾರ ಬೆಳಗ್ಗೆ ಆ್ಯಪ್ ಹಾಕಿಸಿಕೊಳ್ಳಲು ಬರುವವರು ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ಜಿಮೇಲ್ ಪಾಸ್‌ವರ್ಡ್ ನೆನಪಿರಲಿ, ಒಂದು ಬಿಳಿ ಹಾಳೆ ಮತ್ತು ಪೆನ್ನು ತನ್ನಿ. ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಎಂಟು ಅಂಕಿಯದು, ಒಂದೊಂದೂ ಒಂದೇ ಸಲಕ್ಕೆ. ಫೋನ್ ಕಳೆದರೂ ಒಡೆದರೂ ಒಳಗೆ ಬಿಡುವುದು ಅವೇ. ಅದನ್ನು ಫೋನಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಬೇಡಿ. ಹಾಳೆಯಲ್ಲಿ ಬರೆದು, ಬೀರುವಿನಲ್ಲಿ ಎಲ್‌ಐಸಿ ಬಾಂಡ್ ಇಡುವ ಕವರಿನಲ್ಲೇ ಇಡಿ, ಮನೆಯಲ್ಲಿ ಇನ್ನೊಬ್ಬರಿಗೆ ಜಾಗ ತೋರಿಸಿಡಿ. ಗಡಿಯಾರ ಮುಂದೆ ಇಟ್ಟುಕೊಂಡವರು ಸರಿ ಮಾಡಿಕೊಂಡು ಬನ್ನಿ. ಟೀಚರ್ ಆಂಟಿಯೂ ಬರುತ್ತಾರೆ. ಹೊಸಬರಿಗೆ ಹೇಳಿಕೊಡುವುದು ಈಗ ಅವರೇ.